ಎಂಡೋಸ್ಕೋಪಿಗೆ ಮಂಪರು: 30ರವರಿಗೆ ಎಷ್ಟು, 75ರವರಿಗೆ ಎಷ್ಟು?

[ಪರದೆ: ಒಂದೇ ಅಳತೆಯ ಎರಡು ಸಿರಿಂಜ್]

ಇಬ್ಬರ ತೂಕವೂ 60 ಕೆಜಿ. ಇಬ್ಬರಿಗೂ ಎಂಡೋಸ್ಕೋಪಿ, ಅಂದರೆ ಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಗಂಟಲಿಗೆ ಇಳಿಸಿ ಒಳಗೆ ನೋಡುವ ಪರೀಕ್ಷೆ ಆಗಬೇಕು. ಒಬ್ಬರಿಗೆ 30 ವರ್ಷ, ಇನ್ನೊಬ್ಬರಿಗೆ 75. ಮಂಪರಿನ ಔಷಧಿ ಒಂದೇ ಅಳತೆಯಲ್ಲಿ ಕೊಟ್ಟರೆ? ಕಿರಿಯರು ಸ್ಕೋಪ್ ಗಂಟಲಿಗೆ ಇಳಿಯುತ್ತಿದ್ದಂತೆ ಕೆಮ್ಮಿ ಕೈ ಅಡ್ಡ ತರಬಹುದು. ಹಿರಿಯರ ಬಿಪಿ ಕುಸಿದು, ಉಸಿರಾಟವೇ ಮಂದವಾಗಬಹುದು.

ಮಂಪರಿಗೆ ಕೊಡುವ ಮಿಡಜೋಲಂ ಎಂಬ ಔಷಧಿ ನೋಡಿ. ಅಮೆರಿಕದ ಬಳಕೆ ಸೂಚನೆಯಂತೆ 60ರೊಳಗಿನ ಆರೋಗ್ಯವಂತರಿಗೆ ಮೊದಲ ಡೋಸ್ 2.5 ಮಿಲಿಗ್ರಾಂ ಮೀರಬಾರದು. 60 ದಾಟಿದವರಿಗೆ 1.5. ಅದನ್ನೂ ಕನಿಷ್ಠ 2 ನಿಮಿಷ ಹಿಡಿದು ಕೊಟ್ಟು, ಮತ್ತೆ 2 ನಿಮಿಷವಾದರೂ ಕಾಯಬೇಕು.

ಈ ಕಾಯುವುದಿದೆಯಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ವಯಸ್ಸಾದವರಲ್ಲಿ ರಕ್ತದ ಓಟ ನಿಧಾನವಾಗಿರುವುದುಂಟು. ಕೈಯ ರಕ್ತನಾಳಕ್ಕೆ ಹಾಕಿದ ಔಷಧಿ ಮಿದುಳು ಮುಟ್ಟಲು ತಡವಾಗುತ್ತದೆ. ಕಣ್ಣು ಇನ್ನೂ ಬಿಟ್ಟುಕೊಂಡೇ ಇದ್ದಾರಲ್ಲ ಎಂದು ಅವಸರದಲ್ಲಿ ಇನ್ನಷ್ಟು ಕೊಟ್ಟರೆ ಎರಡೂ ಡೋಸ್ ಒಟ್ಟಿಗೇ ಕೆಲಸ ಶುರುಮಾಡುತ್ತವೆ. ನನ್ನ ಪ್ರಕಾರ, ಮಿಲಿಗ್ರಾಂ ಲೆಕ್ಕ ಹಾಕುವಷ್ಟೇ ಕಾಳಜಿಯಿಂದ ಈ ನಿಮಿಷಗಳನ್ನೂ ಲೆಕ್ಕ ಹಾಕಬೇಕು.

[ಪರದೆ: ಮೇಲೆ ಕೆಳಗೆ ಹೋಗುವ ಗ್ರಾಫ್]

ಸರಿಯಾದ ಡೋಸ್ ಹುಡುಕುವುದು ಹೇಗೆ? 1948ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಡಿಕ್ಸನ್ ಮತ್ತು ಮೂಡ್ ಪ್ರಕಟಿಸಿದ ಏರಿಳಿತದ ವಿಧಾನ ಈಗಲೂ ಬಳಕೆಯಲ್ಲಿದೆ. ಸ್ಕೋಪ್ ಹಾಕುವಾಗ ರೋಗಿ ಅಲುಗಾಡಿದರೆ ಮುಂದಿನ ರೋಗಿಗೆ ಒಂದು ಹಂತ ಹೆಚ್ಚು. ಸುಮ್ಮನಿದ್ದರೆ ಒಂದು ಹಂತ ಕಡಿಮೆ. ಏರಿ ಇಳಿದು ಗೆರೆ ಒಂದು ಅಂಕೆಯ ಆಸುಪಾಸಿಗೆ ಬರುತ್ತದೆ. ಅದೇ ಇಡಿ50, ಅಂದರೆ ಅರ್ಧದಷ್ಟು ಜನಕ್ಕೆ ಸಾಕಾಗುವ ಡೋಸ್. ಹಿರಿಯರ ಗುಂಪಿಗೇ ಬೇರೆ ಪ್ರಯೋಗ ಬೇಕು. ಎಲ್ಲರನ್ನೂ ಬೆರೆಸಿದರೆ ಬರುವ ಸರಾಸರಿ ಯಾರಿಗೂ ಹೊಂದದು.

ಇನ್ನರ್ಧ ಜನಕ್ಕೆ ಸಾಲದ ಡೋಸ್ ಕಟ್ಟಿಕೊಂಡು ಚಿಕಿತ್ಸೆ ನಡೆಯದು. ಹಾಗಾಗಿ 100ಕ್ಕೆ 95 ಮಂದಿಗೆ ಸಾಕಾಗುವ ಇಡಿ95 ಅಂದಾಜಿಸುತ್ತಾರೆ. ರೋಗಿ ಅಲುಗಾಡಲಿಲ್ಲ ಎಂದ ಮಾತ್ರಕ್ಕೆ ಡೋಸ್ ಸುರಕ್ಷಿತ ಎನ್ನಲಾಗದು. ಎಷ್ಟು ಜನರ ಆಕ್ಸಿಜನ್ ಇಳಿಯಿತು, ಬಿಪಿ ಬಿತ್ತು ಎಂಬುದನ್ನೂ ಬರೆದಿಡಲೇಬೇಕು. ಪ್ರೊಪೋಫಾಲ್ ಎಂಬ ಇನ್ನೊಂದು ಮಂಪರಿನ ಔಷಧಿ ಆದರಂತೂ ಇನ್ನೂ ಎಚ್ಚರ ಬೇಕು: ಮಿಡಜೋಲಂಗೆ ಫ್ಲೂಮಜೆನಿಲ್ ಎಂಬ ಪ್ರತಿಮದ್ದಿದೆ, ಇದಕ್ಕಿಲ್ಲ.

ಮನೆಯ ಹಿರಿಯರನ್ನು ಎಂಡೋಸ್ಕೋಪಿಗೆ ಕರೆದೊಯ್ಯುತ್ತಿದ್ದರೆ, ದಯವಿಟ್ಟು ಅವರ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ರಾತ್ರಿಯ ನಿದ್ದೆ ಮಾತ್ರೆ ಎಲ್ಲವನ್ನೂ ವೈದ್ಯರಿಗೆ ಮೊದಲೇ ಹೇಳಿ. ಇವುಗಳಲ್ಲಿ ಒಂದಿದ್ದರೂ ಮೊದಲ ಡೋಸನ್ನು ಅವರು ಇನ್ನಷ್ಟು ಇಳಿಸಬೇಕಾಗಬಹುದು.