ಅಯೋದ ಅಂಚಿನಲ್ಲಿ ಕಂಡದ್ದು

ಕೇಳುಗರಿಗೆಲ್ಲ ನಮಸ್ಕಾರ.

1979ರ ಮಾರ್ಚ್ 5ರಂದು ವಾಯೇಜರ್-1 ನೌಕೆ ಗುರುಗ್ರಹದ ತೀರ ಹತ್ತಿರ ಹಾದುಹೋಯಿತು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಚಿತ್ರಗಳು ಬಂದವು, ನೌಕೆ ಶನಿಯ ದಾರಿ ಹಿಡಿಯಿತು. ಆದರೆ ಆ ಭೇಟಿಯ ಬಹುದೊಡ್ಡ ಸಂಗತಿ ಸಿಕ್ಕಿದ್ದು ನಾಲ್ಕು ದಿನ ಕಳೆದ ಮೇಲೆ, ಅದೂ ವಿಜ್ಞಾನಕ್ಕೆಂದು ತೆಗೆದಿರದ ಒಂದು ಚಿತ್ರದಲ್ಲಿ.

ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಲಿಂಡಾ ಮೊರಾಬಿಟೊ ಎಂಬವರು ನೌಕೆಯ ದಾರಿ ಲೆಕ್ಕ ಹಾಕುವ ತಂಡದಲ್ಲಿದ್ದರು. ನೌಕೆ ಎಲ್ಲಿದೆ ಎಂದು ಕರಾರುವಾಕ್ಕಾಗಿ ತಿಳಿಯಲು ಆ ತಂಡ ಗುರುವಿನ ಒಂದು ಚಂದ್ರನನ್ನೂ ಅದರ ಹಿಂದಿನ ನಕ್ಷತ್ರಗಳನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತಿತ್ತು. ನಕ್ಷತ್ರದ ಸ್ಥಾನ ಮೊದಲೇ ಗೊತ್ತು. ಅದರಿಂದ ಚಂದ್ರ ಎಷ್ಟು ಸರಿದು ಕಾಣುತ್ತದೆಂದು ಅಳೆದರೆ ನೌಕೆಯ ಜಾಗ ಸಿಗುತ್ತದೆ. ನಕ್ಷತ್ರಗಳು ಮಂಕಾಗಿರುವುದರಿಂದ ಕ್ಯಾಮೆರಾಕ್ಕೆ ಹೆಚ್ಚು ಹೊತ್ತು ಬೆಳಕು ಬಿಡಬೇಕು. ಆಗ ಚಂದ್ರನ ಮೈ ಸುಣ್ಣ ಬಳಿದಂತೆ ಬೆಳ್ಳಗಾಗಿ, ನೆಲದ ವಿವರವೆಲ್ಲ ಅಳಿಸಿಹೋಗುತ್ತದೆ.

ಮಾರ್ಚ್ 9ರಂದು ಮೊರಾಬಿಟೊ ಅಂಥದೇ ಒಂದು ಚಿತ್ರ ತೆರೆದರು. ಹಿಂದಿನ ದಿನ ವಾಯೇಜರ್ ಸುಮಾರು 45 ಲಕ್ಷ ಕಿಲೋಮೀಟರ್ ದೂರದಿಂದ ಹಿಂದಿರುಗಿ ನೋಡಿ ತೆಗೆದ ಅಯೋ ಚಂದ್ರನ ಚಿತ್ರ ಅದು. ಪಕ್ಕದ ಮಂಕು ನಕ್ಷತ್ರ ಕಾಣಲೆಂದು ಪರದೆಯ ಮೇಲೆ ಹೊಳಪು ಏರಿಸಿದರು. ಅಯೋದ ಅಂಚಿನಾಚೆ, ಏನೂ ಇರಬಾರದ ಕಡೆ, ಛತ್ರಿಯಾಕಾರದ ನಸುಬೆಳಕು ಎದ್ದಿತು. ಕ್ಯಾಮೆರಾದ ದೋಷವೇ? ಅಲ್ಲ. ಹಿಂದೆ ಇನ್ನೊಂದು ಚಂದ್ರ ಅಡಗಿದೆಯೇ? ಅಷ್ಟು ದೊಡ್ಡ ಚಂದ್ರನಿದ್ದರೆ ಭೂಮಿಯಿಂದ ಯಾವತ್ತೋ ಕಾಣಬೇಕಿತ್ತು. ಒಂದೊಂದೇ ಅನುಮಾನ ಪರಿಹಾರವಾಗುತ್ತ ಹೋಗಿ, ಕೊನೆಗೆ ಉಳಿದದ್ದು ಜ್ವಾಲಾಮುಖಿ. ನೆಲದಿಂದ 200 ಕಿಲೋಮೀಟರಿಗೂ ಮೇಲಕ್ಕೆ ಚಿಮ್ಮುತ್ತಿದ್ದ ಅನಿಲ, ದೂಳು. ಭೂಮಿಯಾಚೆ ಉರಿಯುತ್ತಿರುವ ಜ್ವಾಲಾಮುಖಿಯನ್ನು ಮನುಷ್ಯರು ಕಂಡದ್ದು ಅದೇ ಮೊದಲು.

ಅದಕ್ಕೆ ಕಾರಣವೂ ಸಿದ್ಧವಾಗಿಯೇ ಇತ್ತು. ಪೀಲ್, ಕ್ಯಾಸನ್, ರೆನಾಲ್ಡ್ಸ್ ಎಂಬ ಮೂವರು ಒಂದು ವಾರದ ಹಿಂದೆ, ಮಾರ್ಚ್ 2ರಂದು, ಅಯೋದ ಒಡಲು ಕರಗಿರಬೇಕೆಂದು ಲೆಕ್ಕ ಹಾಕಿ ಪ್ರಕಟಿಸಿದ್ದರು. ಪಕ್ಕದ ಚಂದ್ರಗಳಾದ ಯುರೋಪಾ, ಗ್ಯಾನಿಮೀಡ್‌ಗಳ ಸೆಳೆತದಿಂದ ಅಯೋದ ಕಕ್ಷೆ ಪೂರ್ತಿ ದುಂಡಗಾಗಲಾರದು. ಸುತ್ತುವಾಗಲೆಲ್ಲ ಗುರುವಿನ ಹಿಡಿತ ಬಿಗಿಯುತ್ತದೆ, ಸಡಿಲುತ್ತದೆ. ಹಾಗೆ ಹಿಸುಕಿ ಹಿಸುಕಿಯೇ ಕಲ್ಲು ಕಾಯುತ್ತದೆ. ಕಾಗದದ ಮೇಲಿನ ಲೆಕ್ಕವನ್ನು ಆಕಾಶ ಒಂದೇ ವಾರದಲ್ಲಿ ನಿಜವೆಂದು ತೋರಿಸಿದ ಇಂಥ ಪ್ರಸಂಗ ವಿಜ್ಞಾನದಲ್ಲಿ ಅಪರೂಪ.

ನೌಕೆ ಇಳಿಯುವ ಸಂಜೆ ಟಿ.ವಿ. ಮುಂದೆ ಕೂರುವುದು ಚೆನ್ನವೇ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ದೇಶವೇ ಕೂತಿತ್ತು. ಆದರೆ ನೌಕೆಗಳ ಬೆನ್ನು ಹತ್ತುವ ನಿಜವಾದ ಸುಖ ಚಪ್ಪಾಳೆ ನಿಂತ ಮೇಲೆ ಶುರುವಾಗುತ್ತದೆ ಎಂದು ನನ್ನ ನಂಬಿಕೆ. ಚಿತ್ರಗಳು ಬಂದು ಬಿದ್ದಿರುತ್ತವೆ, ನೋಡುವ ಕಣ್ಣು ಕಡಿಮೆ.

ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಅವರ ವಿಷಯ ನಿಮಗೆ ನೆನಪಿರಬಹುದು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಇಳಿನೌಕೆ ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿತು. ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆ ಆ ಜಾಗದ ಚಿತ್ರ ತೆಗೆದು ತಿಂಗಳ ಕೊನೆಗೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಷಣ್ಮುಗ ಬಾಹ್ಯಾಕಾಶ ವಿಜ್ಞಾನಿಯಲ್ಲ, ಎಂಜಿನಿಯರ್. ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಹುಡುಕಿದರು. ಮೊದಲಿನದರಲ್ಲಿ ಇಲ್ಲದ ಒಂದು ಬಿಳಿ ಚುಕ್ಕೆ ಸಿಕ್ಕಿತು, ಬರೆದು ತಿಳಿಸಿದರು. ಎಲ್‌ಆರ್‌ಒ ತಂಡ ಮತ್ತೆ ಚಿತ್ರ ತೆಗೆದು ತಾಳೆ ನೋಡಿ, ಡಿಸೆಂಬರಿನಲ್ಲಿ ಅದು ವಿಕ್ರಮ್‌ನ ಚೂರೇ ಎಂದು ಅವರ ಹೆಸರು ಹೇಳಿಯೇ ಪ್ರಕಟಿಸಿತು.

ಇಂಥ ಚಿತ್ರ, ಮಾಹಿತಿಗಳ ಕಣಜ ನಮ್ಮ ಬೆಂಗಳೂರಿನ ಹೊರಗೂ ಇದೆ. ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ದೂರದ ನೌಕೆಗಳ ಸಂಕೇತ ಹಿಡಿಯುತ್ತದೆ. ಅಲ್ಲಿಯೇ ಇಸ್ರೋದ ದತ್ತಾಂಶ ಕೇಂದ್ರವೂ ಇದೆ. ಚಂದ್ರಯಾನ-2ರ ಕಕ್ಷಾ ನೌಕೆ ಕಳಿಸಿದ ಮಾಹಿತಿಯನ್ನು ಅದರ ‘ಪ್ರದಾನ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಇದನ್ನು ಇನ್ನೂ ಹೆಚ್ಚು ಬಳಸಬೇಕು ಎಂಬುದು ನನ್ನ ಕಳಕಳಿ.

ಇನ್ನು ಜೂನೊ. 2016ರಿಂದ ಗುರುವನ್ನು ಸುತ್ತುತ್ತಿರುವ ಈ ನೌಕೆಯ ಕ್ಯಾಮೆರಾವನ್ನು ಹಾಕಿದ್ದೇ ಮುಖ್ಯವಾಗಿ ಜನರಿಗಾಗಿ. ನೌಕೆ ತಿರುಗುತ್ತಲೇ ಇರುವುದರಿಂದ ಚಿತ್ರ ಕೆಂಪು, ಹಸಿರು, ನೀಲಿ ಪಟ್ಟಿಗಳಾಗಿ ಬರುತ್ತದೆ. ಪಟ್ಟಿಗಳನ್ನು ಹೊಂದಿಸಿ, ತಿರುಗಿದ ಓರೆಯನ್ನು ಸರಿಪಡಿಸಿ ಚಿತ್ರ ಮಾಡುವ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ. 2023ರಲ್ಲಿ ಗುರುವಿನ ವಿಕಿರಣದಿಂದ ಆ ಕ್ಯಾಮೆರಾ ಕೆಟ್ಟು, ಚಿತ್ರಗಳ ತುಂಬ ಗೆರೆಗಳೇ ಬರತೊಡಗಿದವು. ಅಯೋದ ಹತ್ತಿರದ ಭೇಟಿಗೆ ಕೆಲವೇ ವಾರಗಳಿದ್ದವು. ಎಂಜಿನಿಯರುಗಳು ಕ್ಯಾಮೆರಾದ ಹೀಟರನ್ನು ಪೂರ್ತಿ ಏರಿಸಿ ಅದನ್ನು ಬೆಚ್ಚಗೆ ಕಾಯಿಸಿದರು. ಮೊದಲು ಏನೂ ಬದಲಾಗಲಿಲ್ಲ. ಭೇಟಿ ಹತ್ತಿರವಾದಂತೆ ಚಿತ್ರಗಳು ತಿಳಿಯಾದವು. ಡಿಸೆಂಬರ್ 30ರಂದು ಜೂನೊ ಅಯೋದಿಂದ ಬರೀ 1,500 ಕಿಲೋಮೀಟರ್ ಎತ್ತರದಲ್ಲಿ ಹಾದಾಗ ಉತ್ತರ ಧ್ರುವದ ಬೆಟ್ಟಗಳು ಸ್ಪಷ್ಟವಾಗಿ ಬಂದವು.

2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಬೇಕು. ಐರೋಪ್ಯರ ಜ್ಯೂಸ್ ನೌಕೆ 2031ರಲ್ಲಿ. ಈಗ ಪ್ರೌಢಶಾಲೆಯಲ್ಲಿರುವ ಮಕ್ಕಳು ಆ ಹೊತ್ತಿಗೆ ಕಾಲೇಜಿನಲ್ಲಿರುತ್ತಾರೆ. ಜೂನೊದ ಪಟ್ಟಿಗಳನ್ನು ಹೊಂದಿಸುವುದನ್ನು ಅವರು ಇಂದಿನಿಂದಲೇ ಕಲಿಯಬಹುದು. ಅದಕ್ಕೆ ಬೇಕಾದ ಚಿತ್ರಗಳೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿಯೇ ಇವೆ. ನಮಸ್ಕಾರ.