ಒಗ್ಬೆಚೆ: ಪ್ಯಾರಿಸ್‌ನಿಂದ ಗುವಾಹಟಿವರೆಗೆ

ನೀವೀಗ ನೋಡುತ್ತಿರುವುದು ನಮ್ಮ ಕಂಠೀರವ ಕ್ರೀಡಾಂಗಣ. ಪಂದ್ಯ ಇಲ್ಲದ ದಿನ, ಹಾಗಾಗಿ ಹೊರಗಿನಿಂದಲೇ ಶೂಟ್ ಮಾಡಿದ್ದು. ಇವತ್ತಿನ ಮಾತು ನಮ್ಮ ಸ್ಟಾರ್ ಸುನಿಲ್ ಛೆಟ್ರಿ ಬಗ್ಗೆ ಅಲ್ಲ. ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಒಳ್ಳೇ ತಲೆನೋವು ಕೊಟ್ಟ ಎದುರಾಳಿಯೊಬ್ಬನ ಬಗ್ಗೆ. ನೈಜೀರಿಯಾದ ಸ್ಟ್ರೈಕರ್, ಬಾರ್ತೊಲೊಮ್ಯೂ ಒಗ್ಬೆಚೆ.

ಆಫ್ರಿಕಾದ ಫುಟ್‌ಬಾಲರ್ ಅಂದ ಕೂಡಲೇ ಡ್ರೋಗ್ಬಾ, ಎಟೊ, ಸಲಾ ಹೆಸರು ಬಾಯಿಗೆ ಬರುತ್ತದೆ. ಸರಿ, ದೊಡ್ಡವರೇ. ಆದರೆ ಅಲ್ಲಿಂದ ಹೊರಟ ಎಲ್ಲರಿಗೂ ಆ ಯೋಗ ಇರುವುದಿಲ್ಲ. ಒಂದೋ ಎರಡೋ ವರ್ಷದ ಕಾಂಟ್ರ್ಯಾಕ್ಟ್. ಮುಗಿದರೆ ಏಜೆಂಟ್‌ಗೆ ಫೋನು, ಹೊಸ ಊರು, ಹೊಸ ಭಾಷೆ, ಮತ್ತೆ ಮೊದಲಿನಿಂದ ಶುರು. ಒಗ್ಬೆಚೆಯದ್ದು ಅಂಥ ಕಥೆ. ನನಗೆ ಅದೇ ಜಾಸ್ತಿ ಇಷ್ಟ.

ಹುಟ್ಟಿದ್ದು 1984ರಲ್ಲಿ, ಓಗೋಜಾ ಎಂಬ ಊರಲ್ಲಿ. ಮೀಸೆ ಚಿಗುರುವ ವಯಸ್ಸಿಗೇ ಪ್ಯಾರಿಸ್ ಸೇರಿದ. 2001ರಲ್ಲಿ ಅಲ್ಲಿನ ದೊಡ್ಡ ಕ್ಲಬ್ ಪಿಎಸ್‌ಜಿಯ (ಪ್ಯಾರಿಸ್ ಸೇಂಟ್ ಜರ್ಮೇನ್) ಸೀನಿಯರ್ ತಂಡಕ್ಕೆ ಬಂದಾಗ ಡ್ರೆಸ್ಸಿಂಗ್ ರೂಮಿನಲ್ಲಿ ಯಾರ್ಯಾರಿದ್ದರು ಗೊತ್ತಾ? ಬ್ರೆಜಿಲ್‌ನ ರೊನಾಲ್ಡಿನೊ, ಮುಂದೆ ಹೆಸರಾಂತ ಕೋಚ್‌ಗಳಾದ ಅರ್ಟೆಟಾ, ಪೊಚೆಟಿನೊ. ಜೊತೆಗೆ ತನ್ನದೇ ದೇಶದ ಜೇ-ಜೇ ಒಕೊಚಾ. ಮರುವರ್ಷ 2002ರ ವಿಶ್ವಕಪ್. ಹುಡುಗನಿಗೆ ಆಗ 17. ಅರ್ಜೆಂಟೀನಾ, ಇಂಗ್ಲೆಂಡ್, ಸ್ವೀಡನ್ ಇದ್ದ ಗುಂಪಿನಲ್ಲಿ ನೈಜೀರಿಯಾ. ಅರ್ಜೆಂಟೀನಾ ವಿರುದ್ಧ ಒಗ್ಬೆಚೆ ಮೈದಾನಕ್ಕಿಳಿದ. ಬಟಿಸ್ಟುಟಾ ಹೊಡೆದ ಒಂದೇ ಗೋಲಿಗೆ ಪಂದ್ಯ ಹೋಯಿತು, ಗುಂಪಿನಲ್ಲಿ ನೈಜೀರಿಯಾ ಕೊನೆಗೆ ಉಳಿಯಿತು.

ಹದಿನೇಳಕ್ಕೇ ವಿಶ್ವಕಪ್ ಆಡಿದವನು ಇನ್ನು ಎಲ್ಲಿಗೋ ಹೋಗುತ್ತಾನೆ ಅನ್ನಿಸುತ್ತದೆ, ಅಲ್ವಾ? ಹೋದ, ಆದರೆ ಊರೂರು ಸುತ್ತುತ್ತಾ. ಪಿಎಸ್‌ಜಿಯಲ್ಲಿ ಜಾಗ ಗಟ್ಟಿಯಾಗಲಿಲ್ಲ, ಲೋನ್ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಬೇರೆ ಕ್ಲಬ್‌ಗಳಿಗೆ ಕಳಿಸಿದರು. ಆಮೇಲೆ ಅಬುಧಾಬಿ. ಆಮೇಲೆ ಸ್ಪೇನ್‌ನಲ್ಲಿ ಅಲವೆಸ್, ವಯ್ಯಾದೊಲಿದ್, ಕಾದಿಸ್. ಅಲ್ಲಿಂದ ಗ್ರೀಸ್‌ನ ಕವಾಲಾ. 2011ರಲ್ಲಿ ಗ್ರೀಸ್‌ನಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣ ಸ್ಫೋಟವಾಗಿ ಕವಾಲಾವನ್ನು ಕೆಳಗಿನ ಲೀಗ್‌ಗೆ ತಳ್ಳಿದರು. ಆಟಗಾರರು ಮತ್ತೆ ಕ್ಲಬ್ ಹುಡುಕಬೇಕು. ಅದೇ ವರ್ಷ ಇಂಗ್ಲೆಂಡ್‌ನ ಮಿಡಲ್ಸ್‌ಬರೊ, ಮತ್ತೆ ಸ್ಪೇನ್, ಕೊನೆಗೆ ನೆದರ್ಲೆಂಡ್ಸ್. ವಿಲ್ಲೆಮ್ ಟೂ ಕ್ಲಬ್‌ನಲ್ಲಿ ಸ್ವಲ್ಪ ಕಾಲ ನೆಲೆ ನಿಂತ.

ಹೀಗೆ ಸುತ್ತಿ ಸುತ್ತಿ 2018ರಲ್ಲಿ ಗುವಾಹಟಿಗೆ ಬಂದಿಳಿದ, ಅಲ್ಲಿನ ಕ್ಲಬ್ ನಾರ್ತ್‌ಈಸ್ಟ್ ಯುನೈಟೆಡ್‌ಗೆ. ವಯಸ್ಸು ಮೂವತ್ಮೂರು ದಾಟುತ್ತಿತ್ತು. 'ರಿಟೈರ್ ಆಗೋ ಮುಂಚೆ ನಾಲ್ಕು ಕಾಸು ಮಾಡಿಕೊಳ್ಳೋಕೆ ಬಂದಿದ್ದಾನೆ' ಅನ್ನುವ ಮಾತು ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬರುವ ಪ್ರತಿ ವಿದೇಶಿಯ ಬೆನ್ನಿಗೂ ಅಂಟಿಕೊಳ್ಳುತ್ತದೆ. ಈತ ಚೆನ್ನೈಗೆ ಹೋಗಿ ಹ್ಯಾಟ್ರಿಕ್ ಹೊಡೆದ, ಒಂದೇ ಪಂದ್ಯದಲ್ಲಿ ಮೂರು ಗೋಲು. ಆ ಸೀಸನ್‌ನಲ್ಲಿ 12 ಗೋಲು, ನಾರ್ತ್‌ಈಸ್ಟ್ ಮೊದಲ ಸಲ ಸೆಮಿಫೈನಲ್‌ಗೆ. ಎದುರು ಯಾರು? ನಾವೇ. ಸೆಮಿಫೈನಲ್ ಅಂದ್ರೆ ಎರಡು ಪಂದ್ಯ, ಒಟ್ಟು ಗೋಲಿನ ಲೆಕ್ಕ. ಗುವಾಹಟಿಯಲ್ಲಿ ಮೊದಲನೆಯದನ್ನು 2-1ರಿಂದ ಸೋತಿದ್ದೆವು. ಇಲ್ಲಿ ಕಂಠೀರವದಲ್ಲಿ 3-0 ಗೆದ್ದು ಫೈನಲ್‌ಗೆ ಹೋದೆವು. ಗಾಯದಿಂದಾಗಿ ಒಗ್ಬೆಚೆ ಆ ಪಂದ್ಯ ಆಡಲಿಲ್ಲ. ಆಡಿದ್ದರೆ? ನಾನು ಆ ಪ್ರಶ್ನೆ ಕೇಳಿಕೊಳ್ಳುವುದೇ ಇಲ್ಲ ಮಾರಾಯ್ರೆ, ಕಪ್ ನಮ್ಮದಾಯಿತಲ್ಲ, ಸಾಕು.

ಮರುವರ್ಷ ಆತ ಹೋಗಿದ್ದು ನಮ್ಮ ಬದ್ಧ ಎದುರಾಳಿ ಕೇರಳ ಬ್ಲಾಸ್ಟರ್ಸ್‌ಗೆ. ನಮ್ಮ ಹೊಟ್ಟೆ ಉರಿಸೋಕೆ ಬೇರೆ ಕ್ಲಬ್ಬೇ ಸಿಗಲಿಲ್ಲವೇನೋ! ಅಲ್ಲಿಯವರೆಗೆ ಬ್ಲಾಸ್ಟರ್ಸ್ ಒಂದು ಸಲವೂ ಬೆಂಗಳೂರನ್ನು ಸೋಲಿಸಿರಲಿಲ್ಲ. 2020ರ ಫೆಬ್ರವರಿ, ಕೊಚ್ಚಿ. ಮೊದಲ ಗೋಲು ನಮ್ಮದು. ಹಾಫ್‌ಟೈಮ್‌ಗೆ ಇನ್ನೇನು ಸೀಟಿ ಊದಬೇಕು ಅನ್ನುವಾಗ ಒಗ್ಬೆಚೆಯ ಫ್ರೀಕಿಕ್ ಒಳಗೆ. ಎರಡನೇ ಅರ್ಧದಲ್ಲಿ ಪೆನಾಲ್ಟಿ, ಅದೂ ಒಳಗೆ. 2-1. ಕೇರಳದ ಗೆಳೆಯರು ಇವತ್ತಿಗೂ ಆ ಕ್ಲಿಪ್ ಕಳಿಸುತ್ತಾರೆ.

ವಯಸ್ಸಾಗಿ ಕಾಲಿನ ವೇಗ ಹೋದ ಮೇಲೂ ಇಷ್ಟು ಗೋಲು ಹೇಗೆ? ನಾನು 2021ರ ಫೈನಲ್ ತೋರಿಸುತ್ತೇನೆ. ಒಗ್ಬೆಚೆ ಆಗ ಮುಂಬೈ ಸಿಟಿಯಲ್ಲಿ, ಎದುರು ಕೋಲ್ಕತ್ತಾದ ಎಟಿಕೆ ಮೋಹನ್ ಬಗಾನ್. 1-1, 90ನೇ ನಿಮಿಷ. ಬಾಕ್ಸ್ ಒಳಗೆ ಉದ್ದದ ಚೆಂಡು ಬರುತ್ತದೆ. ಗೋಲ್‌ಕೀಪರ್ ಮುಂದೆ ಬಂದು ತಡವರಿಸುತ್ತಾನೆ. ಚೆಂಡು ಒಗ್ಬೆಚೆ ಕಾಲಿಗೆ. ಅಲ್ಲಿ ಯಾವ ಸ್ಟ್ರೈಕರ್ ಆದರೂ ತಾನೇ ಹೊಡೆಯಬೇಕು ಅಂತ ಒದ್ದಾಡುತ್ತಾನೆ. ಈತ ಸುಮ್ನೆ ಬಿಪಿನ್ ಸಿಂಗ್‌ಗೆ ಕೊಟ್ಟ. ಗೋಲು, ಕಪ್. ಓಡಿದ್ದು ಕಡಿಮೆ, ನಿಂತ ಜಾಗ ಮಾತ್ರ ಸರಿ.

ಮುಂದೆ ಹೈದರಾಬಾದ್. ಕೋವಿಡ್ ಕಾಲ, ಪಂದ್ಯಗಳೆಲ್ಲ ಗೋವಾದಲ್ಲಿ, ಫೈನಲ್ ಬಿಟ್ಟರೆ ಖಾಲಿ ಗ್ಯಾಲರಿ ಎದುರು. ಆ ಸೀಸನ್‌ನಿಂದ ಮೈದಾನದಲ್ಲಿ ತಂಡಕ್ಕೆ ನಾಲ್ಕೇ ವಿದೇಶಿಯರು ಅನ್ನುವ ನಿಯಮವೂ ಬಂತು. ವಿದೇಶಿ ಸ್ಟ್ರೈಕರ್ ಗೋಲು ಹೊಡೆಯದಿದ್ದರೆ ಆ ಜಾಗ ಇನ್ನೊಬ್ಬನಿಗೆ, ಅಷ್ಟೇ. 37ರ ವಯಸ್ಸಿನಲ್ಲಿ ಒಗ್ಬೆಚೆ 18 ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ತಗೊಂಡ. ಹೈದರಾಬಾದ್‌ಗೆ ಮೊದಲ ಟ್ರೋಫಿಯೂ ಬಂತು, ಫೈನಲ್‌ನಲ್ಲಿ ಕೇರಳವನ್ನು ಪೆನಾಲ್ಟಿಯಲ್ಲಿ ಸೋಲಿಸಿ.

ಐಎಸ್‌ಎಲ್‌ನಲ್ಲಿ ಒಟ್ಟು 63 ಗೋಲು, ಆಗ ಲೀಗ್‌ನಲ್ಲೇ ಅತಿ ಹೆಚ್ಚು. ಆ ದಾಖಲೆ ಮುರಿದಿದ್ದು ಛೆಟ್ರಿ, 2024ರ ಸೆಪ್ಟೆಂಬರ್‌ನಲ್ಲಿ, ಇದೇ ಕಂಠೀರವದಲ್ಲಿ, ಮೋಹನ್ ಬಗಾನ್ ವಿರುದ್ಧ. ನಾನೂ ಗಂಟಲು ಹರಿಯುವ ಹಾಗೆ ಕೂಗಿದ್ದೇನೆ. ಆದರೂ ಒಂದು ಮಾತು ಹೇಳಲೇಬೇಕು: ಒಗ್ಬೆಚೆಗೆ ಆ 63ಕ್ಕೆ ನೂರು ಪಂದ್ಯವೂ ಬೇಕಾಗಲಿಲ್ಲ. ಬೈಯುವವರು ಕಾಮೆಂಟ್‌ನಲ್ಲಿ ಬೈಯಿರಿ.

ಮುಂದಿನ ವ್ಲಾಗ್ ಕೇರಳದ ಮಲಪ್ಪುರಂ ಕಡೆ. ಅಲ್ಲಿನ ಸೆವೆನ್ಸ್ (ತಂಡಕ್ಕೆ ಏಳೇ ಜನ ಆಡುವ) ಟೂರ್ನಿಗಳಲ್ಲಿ ಆಡೋಕೆ ಪ್ರತಿ ಸೀಸನ್‌ಗೂ ಆಫ್ರಿಕಾದಿಂದ ಹುಡುಗರು ಬರುತ್ತಾರೆ, ಅವರನ್ನು ಮಾತಾಡಿಸಬೇಕು ಅಂತಿದ್ದೇನೆ. ಏನು ಕೇಳಬೇಕು ಅಂತ ಬರೆದು ಹಾಕಿ.