ಮೂರು ವಾರ ಅದು ಎಲ್ಲಿತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

2011ರ ಜೂನ್. ಅಮೆರಿಕದ ಬೆತೆಸ್ಡಾದಲ್ಲಿರುವ ಸರ್ಕಾರಿ ಸಂಶೋಧನಾ ಆಸ್ಪತ್ರೆ, ಎನ್‌ಐಎಚ್ ಕ್ಲಿನಿಕಲ್ ಸೆಂಟರ್. ನ್ಯೂಯಾರ್ಕಿನ ಆಸ್ಪತ್ರೆಯಿಂದ ಅಲ್ಲಿಗೆ ಒಬ್ಬ ಮಹಿಳೆಯನ್ನು ಕರೆತಂದರು. ಅವರ ಮೈಯಲ್ಲಿ ಕ್ಲೆಬ್ಸಿಯೆಲ್ಲ ಎಂಬ ಬ್ಯಾಕ್ಟೀರಿಯಾ ಇತ್ತು. ಬೇರೆ ಔಷಧಿ ನಾಟದಾಗ ಕೊಡುವ ಕಾರ್ಬಪೆನೆಮ್ ಇಂಜೆಕ್ಷನ್ ಕೂಡ ಅದಕ್ಕೆ ನಾಟುತ್ತಿರಲಿಲ್ಲ. ಆ ಔಷಧಿಯನ್ನೇ ಒಡೆದುಹಾಕುವ ಕಿಣ್ವ ಅದರಲ್ಲಿತ್ತು.

ವಿಷಯ ಆಸ್ಪತ್ರೆಗೆ ಮೊದಲೇ ಗೊತ್ತಿತ್ತು. ಬೇರೆ ಕೋಣೆ ಕೊಟ್ಟರು. ಒಳಗೆ ಹೋಗುವವರೆಲ್ಲ ಗೌನು, ಗ್ಲೌಸು ಹಾಕಿಕೊಂಡರು. ಜುಲೈ ಮಧ್ಯದಲ್ಲಿ ಆಕೆ ಡಿಸ್ಚಾರ್ಜ್ ಆದರು. ಮೂರು ವಾರ ಕಳೆದ ಮೇಲೆ ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಆಮೇಲೆ ಹೆಚ್ಚುಕಮ್ಮಿ ವಾರಕ್ಕೊಬ್ಬರಂತೆ. ಆಕೆಯೂ ಸೇರಿ 18 ಜನರಲ್ಲಿ ಅದು ಕಾಣಿಸಿತು. 11 ಜನ ತೀರಿಕೊಂಡರು. ಅವರಲ್ಲಿ 6 ಜನರ ಸಾವಿಗೆ ಈ ಸೋಂಕೇ ಕಾರಣ ಎಂದು ಡಾಕ್ಟರುಗಳು ಹೇಳಿದರು.

ಹಾಗಾದರೆ ಆ ಮೂರು ವಾರ ಅದು ಎಲ್ಲಿತ್ತು? ವಿಜ್ಞಾನಿಗಳು ಒಬ್ಬೊಬ್ಬ ರೋಗಿಯಿಂದ ಸಿಕ್ಕ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಪೂರ್ತಿ ಓದಿ, ಹೋಲಿಸಿ ನೋಡಿದರು. ಎಲ್ಲವೂ ಆ ಮಹಿಳೆಯಿಂದ ಬಂದದ್ದೇ. ಕೆಲವು ರೋಗಿಗಳ ಕರುಳಲ್ಲಿ ಅದು ಸುಮ್ನೆ ಕೂತಿತ್ತು. ಜ್ವರವಿಲ್ಲ, ಕೆಮ್ಮಿಲ್ಲ, ಯಾರಿಗೂ ಅನುಮಾನವೇ ಇಲ್ಲ. ಸಿಂಕಿನ ನೀರು ಹೋಗುವ ಪೈಪಿನಲ್ಲೂ ಸಿಕ್ಕಿತು. ಶುಚಿ ಮಾಡಿಟ್ಟಿದ್ದ ಒಂದು ವೆಂಟಿಲೇಟರಿನಲ್ಲೂ ಸಿಕ್ಕಿತು!

ಆಸ್ಪತ್ರೆ ಕೈಕಟ್ಟಿ ಕೂರಲಿಲ್ಲ. ಗೋಡೆ ಕಟ್ಟಿಸಿ ಸೋಂಕಿನವರನ್ನು ಬೇರೆ ಇಟ್ಟರು. ಪೈಪುಗಳನ್ನು ಕಿತ್ತರು. ಸಿಬ್ಬಂದಿ ಕೈ ತೊಳೆಯುತ್ತಾರಾ ಅಂತ ನೋಡುವುದಕ್ಕೇ ಜನರನ್ನು ನಿಲ್ಲಿಸಿದರು. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಇನ್ನೊಂದು ಕೆಲಸ. ಕಾಯಿಲೆಯ ಲಕ್ಷಣವೇ ಇಲ್ಲದ ರೋಗಿಗಳಿಗೂ ಗುದದ್ವಾರದಿಂದ ಸ್ವಾಬ್ ತೆಗೆದು ಪರೀಕ್ಷೆ ಮಾಡಿದರು. ಮುಜುಗರದ ಪರೀಕ್ಷೆ, ನಿಜ. ಆದರೆ ಕರುಳಲ್ಲಿ ಅಡಗಿದ್ದನ್ನು ಬೇರೆ ಹೇಗೆ ಹುಡುಕೋದು, ಅಲ್ವಾ?

ಇಂಥ ಕ್ಲೆಬ್ಸಿಯೆಲ್ಲ ನಮ್ಮ ದೇಶದ ಐಸಿಯುಗಳಲ್ಲೂ ಈಗ ಅಪರೂಪವಲ್ಲ. ಹಾಗಾಗಿ ಮನೆಯವರನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸೇರಿಸುವಾಗ ಮೈಯಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಹೇಳುವ ಹಳೆಯ ಕಲ್ಚರ್ ರಿಪೋರ್ಟ್ ಮರೆಯದೆ ತೋರಿಸಿ. ಎಷ್ಟು ದಿನ ಐಸಿಯುನಲ್ಲಿದ್ದರು, ಯಾವ ಆಂಟಿಬಯೋಟಿಕ್ ಕೊಟ್ಟರು, ಎಲ್ಲ ಹೇಳಿ. ಬೆಡ್ ಸಿಗಲ್ಲವೇನೋ ಅಂತ ದಯವಿಟ್ಟು ಮುಚ್ಚಿಡಬೇಡಿ.

ಇನ್ನೊಂದು ಮಾತು. ಪಕ್ಕದ ಬೆಡ್ಡಿನ ಅಜ್ಜಿಗೆ ನೀರು ಕುಡಿಸೋದು, ದಿಂಬು ಸರಿ ಮಾಡೋದು ನಮ್ಮ ಜನರ ಒಳ್ಳೆಯ ಗುಣ. ಅದನ್ನು ಬಿಡಬೇಡಿ. ಅವರನ್ನು ಮುಟ್ಟುವ ಮೊದಲು ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.

ನಮಸ್ಕಾರ.